ಹೆಸರು ಹಿಡಿದು ಕೂಗುವ ಪಾಠ

ಜನವರಿ 7, ಮಂಗಳವಾರ

ಕೆರೆ ಹೆಪ್ಪುಗಟ್ಟಿ ಗಟ್ಟಿಯಾಗಿದೆ. ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಯಾರದೋ ನಾಯಿ ನಡುಗೆರೆಯಲ್ಲಿ ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು. ಬೇರೆ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ಅಕ್ಕನ ಫೋನು ಬಂದಿರುತ್ತಿತ್ತು. "ಮಾಯ್ಲಿಸ್, ಗರಗಸ ಹೊರಗೆ ತೆಗಿಯೇ!" ಅವಳ ಫೋನು ಬಂದರೆ ಅದನ್ನು ಮೇಜಿನ ಮೇಲಿಟ್ಟು ನಾನು ಪಾತ್ರೆ ತೊಳೆಯುತ್ತಿದ್ದೆ. ಅಷ್ಟು ದನಿ ಅವಳದು.

ಈ ಪುಸ್ತಕ ಶುರು ಮಾಡಿದ್ದು ಅದಕ್ಕೇ. ಸಂಜೆ ಹೇಳಿಕೊಳ್ಳಲು ಒಂದು ಜಾಗ ಬೇಕು. ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವವಳಿಗೆ ಹೇಳುವಂಥದ್ದು ದಿನಾ ಏನಿರುತ್ತದೆ? ಹಾಸುಬಟ್ಟೆ ಒಗೆದೆ, ಹಾಸುಬಟ್ಟೆ ಮಡಿಸಿದೆ ಎಂದು ಬರೆಯಬೇಕು.

ಇವತ್ತು ಮಾತ್ರ ಇದೆ. ಮಧ್ಯಾಹ್ನ ಎಬ್ಬಾ ಎಂಬ ಹುಡುಗಿ ಫೋನು ಮಾಡಿದಳು. ಸ್ಕೇಟಿಂಗ್ ಸಂಘಗಳ ಜಿಲ್ಲಾ ಕಚೇರಿಗೆ ಹೊಸದಾಗಿ ಬಂದವಳಂತೆ. "ನಿಮ್ಮೂರಿನ ಗುಂಪು ಈ ಸಲ ನಡೆಯುತ್ತಾ? ಹಿಂದಿನ ನಾಯಕಿ ಬಿಟ್ಟಿದ್ದಾರೆ ಅಂತ ಇಲ್ಲಿದೆ" ಎಂದಳು.

ಬಿಟ್ಟಿದ್ದಾರೆ. ನಾನು ತಿದ್ದಲಿಲ್ಲ.

ಚಳಿಗಾಲದಲ್ಲಿ ಕೆರೆಯ ಮೇಲೆ ಸ್ಕೇಟಿಂಗ್ ಮಾಡುತ್ತಾ ದೂರ ದೂರ ಹೋಗುವವರಿಗೆ, ಕಾಲಡಿಯ ಮಂಜುಗಡ್ಡೆ ಒಡೆದರೆ ಏನು ಮಾಡಬೇಕೆಂದು ಅಕ್ಕ ಕಲಿಸುತ್ತಿದ್ದಳು. ಗಡ್ಡೆಯಲ್ಲಿ ಕಿಂಡಿ ಕೊರೆದು, ಒಬ್ಬೊಬ್ಬರನ್ನೇ ಬಟ್ಟೆ ಸಮೇತ ನೀರಿಗಿಳಿಸಿ, ಹೊರಗೆ ಬರುವುದನ್ನೂ ಬೇರೆಯವರನ್ನು ಹೊರಗೆಳೆಯುವುದನ್ನೂ ಹೇಳಿಕೊಡುವುದು. ಎಲ್ಲ ದೊಡ್ಡವರೇ, ಮಕ್ಕಳಿಲ್ಲ. ಅಕ್ಕ ಮಾತಾಡುವವಳು. ನಾನು ಕಿಂಡಿ ಕೊರೆಯುವವಳು, ಇಳಿದವರ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿಯುವವಳು, ಕಾಫಿ ಕಾಯಿಸುವವಳು.

"ನಡೆಸೋರು ಇಲ್ದಿದ್ರೆ ಗುಂಪು ಮುಚ್ಚಿ ಎಲ್ಲರನ್ನೂ ಪಟ್ಟಣದ ಈಜುಕೊಳಕ್ಕೆ ಕಳಿಸ್ತೀವಿ. ಅಲ್ಲಿ ನೀರೂ ಬೆಚ್ಚಗಿರುತ್ತೆ" ಎಂದಳು ಎಬ್ಬಾ.

ಬೆಚ್ಚಗಿನ ನೀರಿನಲ್ಲಿ! ಇದಕ್ಕೆ ಏನು ಹೇಳಬೇಕೆಂದು ಹುಡುಕುತ್ತಾ ಸುಮ್ಮನಿದ್ದೆ. ನಮ್ಮ ಸ್ವೀಡನ್ನಿನಲ್ಲಿ ಸುಮ್ಮನಿದ್ದರೆ ಒಪ್ಪಿದಂತೆ. "ಹಾಗಾದ್ರೆ ನೀವೇ ನಡೆಸ್ತೀರಿ ಅಂತ ಬರ್ಕೋತೀನಿ" ಎಂದು ಬರೆದುಕೊಂಡೇಬಿಟ್ಟಳು. ಮಾರ್ಚಿನ ಮೊದಲ ಭಾನುವಾರ ಬಂದು ನೋಡುತ್ತಾಳೆ. ಸರಿ ಕಂಡರೆ ಗುಂಪು ಉಳಿಯುತ್ತದೆ, ಇಲ್ಲದಿದ್ದರೆ ಈಜುಕೊಳ.

ಅಕ್ಕನ ಗುಂಪು ನನ್ನ ಕೈಯಲ್ಲಿ ಮುಚ್ಚಿಹೋಗಬಾರದು.

ಜನವರಿ 15, ಬುಧವಾರ

ಮೊದಲ ಸಂಜೆ. ದೋಣಿ ಸಂಘದ ಶೆಡ್ಡಿನಲ್ಲಿ ಒಲೆ ಹಚ್ಚಿ, ಕುರ್ಚಿಗಳನ್ನು ವೃತ್ತವಾಗಿ ಇಟ್ಟೆ. ಅಕ್ಕ ಹಾಗೇ ಇಡುತ್ತಿದ್ದಳು. ಆರು ಜನ ಬಂದರು.

ರೂನೆ, ನಿವೃತ್ತ ಬಸ್ ಡ್ರೈವರು, ಮೈಯೂ ಬಸ್ಸಿನಷ್ಟೇ. ಯೋರನ್, ತೆರಿಗೆ ಕಚೇರಿಯವನು, ಪೆನ್ನು ಇಬ್ಬರಿಗಾಗುವಷ್ಟು ತಂದಿದ್ದ. ಡಾಗ್ನಿ, ಗ್ರಂಥಾಲಯದವಳು. ಅವಳು ಮಾತಾಡಿದರೆ ಎಲ್ಲರೂ ಮುಂದಕ್ಕೆ ಬಾಗಬೇಕು. ಮೋನಾ ಮತ್ತು ಬೆಂಗ್ತ್, ಗಂಡ ಹೆಂಡತಿ, ಒಂದೇ ಬಣ್ಣದ ಟೋಪಿ. ಕೊನೆಗೆ ಪೆಕ್ಕಾ. ಫಿನ್‌ಲ್ಯಾಂಡಿನವನು, ಮರದ ಕಾರ್ಖಾನೆಯಲ್ಲಿ ಕೆಲಸ. ಹೆಸರು ಹೇಳಿ ಮುಗಿಸಿದ.

ಹೇಳಬೇಕಾದದ್ದನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ. ಓದುವ ಮುಂಚೆ ಒಂದು ಸುತ್ತು ಎಲ್ಲರೂ ಮಾತಾಡಲಿ ಎಂದೆ. ಸುತ್ತು ಮುಗಿಯುವಾಗ ಯೋರನ್ ಕೈ ಎತ್ತಿದ.

"ಒಂದು ವ್ಯವಸ್ಥೆಯ ಪ್ರಶ್ನೆ. ಕಾಫಿ ಪಾಠದ ಮಧ್ಯಾನೋ, ಕೊನೇಲೋ?"

"ನನಗೆ ಎರಡೂ ಸರಿ" ಎಂದಳು ಮೋನಾ.

"ಮೋನಾಗೆ ಸರಿ ಅಂದ್ರೆ ನನಗೂ ಸರಿ" ಎಂದ ಬೆಂಗ್ತ್.

"ಎರಡೂ ಸರಿ ಅಂದ್ರೆ ತೀರ್ಮಾನ ಆಗಲ್ಲ. ಇನ್ನೊಂದು ಸುತ್ತು ಕೇಳೋಣ" ಎಂದ ಯೋರನ್.

ಇನ್ನೊಂದು ಸುತ್ತು ಕೇಳಿದೆವು. ಯಾರಿಗೂ ಯಾರ ಮಾತನ್ನೂ ಮುರಿಯುವ ಮನಸ್ಸಿರಲಿಲ್ಲ. ನನಗಂತೂ ಮೊದಲೇ ಇಲ್ಲ. ಕಾಫಿ ಮಧ್ಯದಲ್ಲಿ ಎಂದು ತೀರ್ಮಾನವಾದಾಗ ಮನೆಗೆ ಹೋಗುವ ಹೊತ್ತಾಗಿತ್ತು. ಕಾಗದ ಜೇಬಿನಲ್ಲೇ ಉಳಿಯಿತು. ಹೋಗುವಾಗ ಎಲ್ಲರೂ "ತುಂಬಾ ಸ್ವಾರಸ್ಯವಾಗಿತ್ತು" ಎಂದರು.

ಸ್ವಾರಸ್ಯವಾಗಿತ್ತು ಎಂದವರು ಮತ್ತೆ ಬರುವುದಿಲ್ಲ. ಅದು ನನಗೆ ಗೊತ್ತು.

ಜನವರಿ 22, ಬುಧವಾರ

ಮೂವರು. ರೂನೆ, ಯೋರನ್, ಪೆಕ್ಕಾ.

ಕಾಗದ ಓದಿದೆ. ಗಡ್ಡೆಯ ಬಣ್ಣ, ಗಡ್ಡೆಯ ದಪ್ಪ, ಕೊರಳಿಗೆ ಹಾಕಿಕೊಳ್ಳುವ ಹಿಡಿಯಿರುವ ಚೂಪು ಮೊಳೆಗಳನ್ನು ಗಡ್ಡೆಗೆ ಚುಚ್ಚಿ ಮೈ ಎಳೆದುಕೊಳ್ಳುವ ಬಗೆ. ತಲೆ ಎತ್ತಿದಾಗ ಪೆಕ್ಕಾ ಒಲೆ ನೋಡುತ್ತಿದ್ದ, ಯೋರನ್ ತನ್ನ ಪೆನ್ನು ಬಿಚ್ಚಿಟ್ಟಿದ್ದ, ರೂನೆಯ ಗಲ್ಲ ಎದೆಗೆ ತಗುಲಿತ್ತು.

"ನಿದ್ದೆ ಮಾಡಿದ್ಯಾ?" ಎಂದೆ.

"ಛೇ ಛೇ. ಚರ್ಚಿನಲ್ಲಿ ಬರೋ ಹಾಗೆ ಬಂತು ನೋಡು, ಅಷ್ಟು ಒಳ್ಳೆ ನಿದ್ದೆ. ತಪ್ಪು ತಿಳ್ಕೋಬೇಡ ಮಾಯ್ಲಿಸ್, ದುಡ್ಡು ಕೊಟ್ಟರೂ ಸಿಗಲ್ಲ ಇಂಥಾದ್ದು."

"ನನಗೆ ಮಾತಾಡೋಕೆ ಬರಲ್ಲ" ಎಂದೆ.

"ಹಾಗಾದ್ರೆ ಮಾತಾಡಬೇಡ. ಭಾನುವಾರ ಕಿಂಡಿ ಕೊರಿ, ನಾನು ಬಿದ್ದು ತೋರಿಸ್ತೀನಿ. ಮಿಕ್ಕವರನ್ನ ನಾನು ಎಳ್ಕೊಂಡು ಬರ್ತೀನಿ."

ಯೋರನ್ ಇದನ್ನು ಮತಕ್ಕೆ ಹಾಕೋಣವೇ ಎಂದ. ಹಾಕಿದೆವು. ಎಲ್ಲರೂ ಒಪ್ಪಿದರು.

ಊಟ ಸೇರಲಿಲ್ಲ. ಒಲೆಯ ಪಕ್ಕ ನಿಂತೇ ಒಂದು ಚೂರು ರೊಟ್ಟಿ ತಿಂದೆ.

ಜನವರಿ 26, ಭಾನುವಾರ

ಇದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಬೇಗ ಹೋಗಿ ಕಿಂಡಿ ಕೊರೆದೆ. ಗಡ್ಡೆ ಒಳ್ಳೆಯದು, ಕಪ್ಪಗೆ, ಗಾಜಿನ ಹಾಗೆ. ರೂನೆ ಮಾತು ಉಳಿಸಿಕೊಂಡಿದ್ದ, ಆರೂ ಜನ ಬಂದಿದ್ದರು. ಅವನ ಸೊಂಟಕ್ಕೆ ಹಗ್ಗ ಕಟ್ಟಿ ನಾನು ಹಿಡಿದೆ. ಉಳಿದವರ ಕೈಗೆ ಒಂದೊಂದು ಹಗ್ಗದ ಚೀಲ ಕೊಟ್ಟೆ. ಬಿದ್ದವನ ಕಡೆ ಚೀಲ ಎಸೆದರೆ ಹಗ್ಗ ಬಿಚ್ಚಿಕೊಂಡು ಹೋಗುತ್ತದೆ, ಅವನು ಹಿಡಿಯುತ್ತಾನೆ, ಇವರು ಎಳೆಯುತ್ತಾರೆ. ಇದರಲ್ಲಿ ತಪ್ಪುವಂಥದ್ದು ಏನಿದೆ?

ರೂನೆ ಕಿಂಡಿಗೆ ಹಾರಿದ. ನೀರು ಎದ್ದು ಬಿತ್ತು. ತಲೆ ಮೇಲೆ ಬಂತು.

"ಸ್ವಲ್ಪ ತಣ್ಣಗಿದೆ" ಎಂದ.

ಐವರೂ ಸಾಲಾಗಿ ನಿಂತಿದ್ದರು. ಯಾರೂ ಹೇಳಿರಲಿಲ್ಲ, ತಾವೇ ಸಾಲು ಮಾಡಿಕೊಂಡಿದ್ದರು, ಔಷಧದ ಅಂಗಡಿಯಲ್ಲಿ ನಂಬರಿನ ಚೀಟಿ ಹಿಡಿದು ನಿಂತ ಹಾಗೆ, ನಡುವೆ ಒಂದೊಂದು ಮಾರು ಬಿಟ್ಟು. ಮೊದಲು ಡಾಗ್ನಿ. ಅವಳು ಹಿಂದೆ ತಿರುಗಿ, "ನೀನು ಬೇಕಾದ್ರೆ ಮುಂದೆ ಹೋಗು" ಎಂದು ಬೆಂಗ್ತ್‌ಗೆ ಹೇಳಿದಳು.

"ಇಲ್ಲ ಇಲ್ಲ, ನೀನೇ ಮೊದಲು ಬಂದಿದ್ದು."

"ನಾನು ಬರೀ ನಿಂತಿದ್ದೆ ಅಷ್ಟೇ."

"ಯಾರು ಎಸೀಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ ಅಲ್ವಾ?" ಎಂದ ಯೋರನ್.

ಮೋನಾ ನನ್ನ ಕಡೆ ನೋಡಿದಳು. ನಾನು ಅವರ ಮಾತು ಮುಗಿಯಲಿ ಎಂದು ಕಾಯುತ್ತಿದ್ದೆ. ಸೊಂಟದ ಹಗ್ಗ ಕೈಯಲ್ಲಿ ಹಿಡಿದುಕೊಂಡು, ದೇವರಾಣೆ, ನಾನೂ ಸಾಲಿನ ಕೊನೆಯಲ್ಲಿ ನಿಂತಿದ್ದೆ.

ರೂನೆ ನೀರಿನಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ತೇಲುತ್ತಿದ್ದ. ಕೊನೆಗೆ ತಾನೇ ಮೊಳೆ ಚುಚ್ಚಿ, ಸೀಲ್ ಪ್ರಾಣಿಯ ಹಾಗೆ ಹೊಟ್ಟೆಯ ಮೇಲೆ ಹೊರಳಿ ಮೇಲೆ ಬಂದ. ತುಟಿ ನೀಲಿ. ಸಾಲಿನ ಹತ್ತಿರ ತೆವಳಿಕೊಂಡು ಬಂದು ಕೇಳಿದ: "ನನ್ನ ನಂಬರು ಬಂತಾ?"

ಪೆಕ್ಕಾ ಆಗ ಬಾಯಿಬಿಟ್ಟ. "ನೀವು ಸ್ವೀಡನ್ನಿನವರು ಮುಳುಗಿದರೆ ಕೆರೆಗೂ ಬೇಜಾರಾಗುತ್ತೆ, ಕಾದು ಕಾದು."

ಮನೆಗೆ ಬಂದು ಒದ್ದೆ ಹಗ್ಗಗಳನ್ನು ಸ್ನಾನದ ಮನೆಯಲ್ಲಿ ಹರವುವಾಗ ನಗು ಬಂತು. ತಡೆಯಲು ಆಗಲಿಲ್ಲ, ಟಬ್ಬಿನ ಅಂಚಿನ ಮೇಲೆ ಕೂತುಕೊಂಡೆ. ಪಕ್ಕದ ಮನೆಯವರು ಗೋಡೆ ತಟ್ಟಿದರೋ, ಪೈಪಿನ ಸದ್ದೋ.

ಆದರೆ ಎಬ್ಬಾ ಇದನ್ನು ನೋಡಿದರೆ ಗುಂಪು ಅಲ್ಲಿಗೇ ಮುಗಿಯಿತು.

ಜನವರಿ 29, ಬುಧವಾರ

ಎರಡು ದಿನ ಹಾಸುಬಟ್ಟೆ ಮಡಿಸುತ್ತಾ ಒಂದೇ ಯೋಚನೆ. ರೂನೆ ಯಾಕೆ ಕೂಗಲಿಲ್ಲ? ಇವತ್ತು ಶೆಡ್ಡಿಗೆ ಬಂದ ಕೂಡಲೇ ಅವನನ್ನೇ ಕೇಳಿದೆ.

"ಏನಂತ ಕೂಗ್ಲಿ? ಎಲ್ಲರೂ ಏನೋ ಮಾತಾಡ್ತಿದ್ರು. ಮಧ್ಯೆ ಬಾಯಿ ಹಾಕೋದು ಸರಿ ಕಾಣಲಿಲ್ಲ."

ಮುಳುಗುತ್ತಿರುವವನು ಹೇಳುವ ಮಾತು!

ಕಾಗದ ತೆಗೆಯಲಿಲ್ಲ. "ಎಲ್ಲರೂ ದೋಣಿಕಟ್ಟೆಗೆ ಬನ್ನಿ, ಇವತ್ತು ಕೂಗೋದು" ಎಂದೆ. ಒಬ್ಬೊಬ್ಬರೇ ಕಟ್ಟೆಯ ತುದಿಗೆ ಹೋಗಿ ಕೂಗಬೇಕು, ಉಳಿದವರು ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಬೇಕು.

ಡಾಗ್ನಿ ಹೋದಳು. ನಾವು ಕಾದೆವು. ಅವಳು ವಾಪಸು ಬಂದು, "ಕೇಳಿಸ್ತಾ?" ಎಂದಳು.

"ಶುರು ಮಾಡಿದ್ಯಾ?" ಎಂದ ರೂನೆ.

"'ಕ್ಷಮಿಸಿ, ತೊಂದರೆ ಇಲ್ಲ ಅಂದ್ರೆ ಸ್ವಲ್ಪ ಸಹಾಯ ಮಾಡ್ತೀರಾ' ಅಂದೆ."

ಯೋರನ್ ತಾನಿರುವ ಜಾಗ, ನೀರಿನ ಅಂದಾಜು ಆಳ, ದಡಕ್ಕಿರುವ ದೂರ ಎಲ್ಲವನ್ನೂ ಪೂರ್ಣ ವಾಕ್ಯದಲ್ಲಿ ಹೇಳಿದ. ಕೇಳಿಸಿತು, ಆದರೆ ವರದಿ ಕೇಳಿಸಿಕೊಂಡವರ ಹಾಗೆ ನಾವೆಲ್ಲ ತಲೆಯಾಡಿಸಿದೆವು. ರೂನೆ "ಹೋ" ಎಂದು ಒದರಿದ. ದೊಡ್ಡ ದನಿಯೇ, ಆದರೆ ಯಾರ ಕಾಲೂ ಕದಲಲಿಲ್ಲ. ಪೆಕ್ಕಾ ತುದಿಗೆ ಹೋಗಿ ನಿಂತು, ಕೂಗದೆಯೇ ಕೆರೆಗೆ ಬೆನ್ನು ಮಾಡಿ ಹಿಂದಕ್ಕೆ ಬಂದ.

ಆಮೇಲೆ ಮೋನಾ. ಅವಳು ತುದಿ ಮುಟ್ಟುವಷ್ಟರಲ್ಲಿ ಅವಳ ಗಂಡ ಕಾಫಿಯ ಫ್ಲಾಸ್ಕ್ ಹಿಡಿದುಕೊಂಡು ಮೆಲ್ಲಗೆ ಶೆಡ್ಡಿನ ಒಳಗೆ ಹೊರಟಿದ್ದ. ಅವಳಿಗೆ ಕಂಡಿತು.

"ಬೆಂಗ್ತ್!"

ಆಚೆ ದಡದ ನಾಯಿಗಳೆಲ್ಲ ಬೊಗಳಿದವು. ಬೆಂಗ್ತ್ ಫ್ಲಾಸ್ಕನ್ನು ನನ್ನ ಕೈಗೆ ತುರುಕಿ ಓಡಿದ. ಯಾಕೆ ಓಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ, ಅರ್ಧ ದಾರಿಯಲ್ಲಿ "ಏನು, ಏನಾಯ್ತು" ಎನ್ನುತ್ತಿದ್ದ.

ನಾವು ಎಲ್ಲರೂ ನಕ್ಕೆವು. ನಗು ನಿಂತಾಗ ನಾನು ಹೇಳಿದೆ: ಇದೇ. ಯಾರಾದರೂ ಬನ್ನಿ ಎಂದು ಕೂಗಿದರೆ, "ಯಾರಾದರೂ" ಎನ್ನುವ ಹೆಸರಿನವರು ಈ ಊರಲ್ಲಿ ಯಾರೂ ಇಲ್ಲ. ಎಲ್ಲರೂ ಅವನು ಬರಲಿ ಎಂದು ಕಾಯುತ್ತಾರೆ. ಹೆಸರು ಹಿಡಿದು ಕೂಗಬೇಕು. ನೀರಿನಲ್ಲಿ ಬಿದ್ದವರು ಒಬ್ಬರ ಹೆಸರು ಕೂಗಬೇಕು, ಆ ಹೆಸರಿನವರು ಹಗ್ಗ ಎಸೆಯಬೇಕು, ಬೇರೆ ಯಾರೂ ಎಸೆಯಕೂಡದು. ಹಾಗಾದರೆ ಸಾಲೂ ಬೇಡ, ಮತವೂ ಬೇಡ.

ಯೋರನ್ ಬರೆದುಕೊಂಡ. ಅವನು ನನ್ನ ಮಾತು ಬರೆದುಕೊಂಡಿದ್ದು ಇದೇ ಮೊದಲು.

"ಈಗ ನೀನು ಕೂಗು ಮಾಯ್ಲಿಸ್" ಎಂದಳು ಡಾಗ್ನಿ.

ನಾಯಕಿಯ ಕೆಲಸ ಹಗ್ಗ ಹಿಡಿಯುವುದು ಎಂದು ಹೇಳಿ ಕಾಫಿ ಬಗ್ಗಿಸಲು ಹೋದೆ.

ಫೆಬ್ರವರಿ 2, ಭಾನುವಾರ

ಏಲಕ್ಕಿ ಬನ್ನು ಮಾಡಿದೆ, ಕೆನೆ ತುಂಬಿಸಿ. ಹಿಟ್ಟು ಹಳೆಯದಾಗುತ್ತಿತ್ತು, ಅದಕ್ಕೆ. ಒಂದು ತಟ್ಟೆ ಮಾಡಲು ಹೊರಟದ್ದು ಎರಡಾಯಿತು, ಗಡ್ಡೆಯ ಮೇಲೆ ಒಂದೂ ಉಳಿಯಲಿಲ್ಲ. ಪೆಕ್ಕಾ ಮೂರು ತಿಂದ.

ಇವತ್ತು ನಾನು ಹೇಳಿಕೊಡಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿಬಿಟ್ಟೆ. ಮೊಳೆ ಚುಚ್ಚುವುದನ್ನು ರೂನೆ ಹೇಳಿಕೊಡಲಿ, ಒದ್ದೆ ಬಟ್ಟೆ ಬದಲಿಸುವುದನ್ನು ಮೋನಾ, ಗಡ್ಡೆಯನ್ನು ಕೋಲಿನಿಂದ ಬಡಿದು ದಪ್ಪ ತಿಳಿಯುವುದನ್ನು ಪೆಕ್ಕಾ. ಪೆಕ್ಕಾ ಮಾತೇ ಆಡದೆ ಬಡಿದು ತೋರಿಸಿದ. ಎಲ್ಲರೂ ಅವನ ಹಿಂದೆ ಬಡಿಯುತ್ತಾ ಹೋದರು, ದಿಬ್ಬಣದ ಹಾಗೆ. ನನಗೆ ಉಳಿದದ್ದು ಸೊಂಟದ ಹಗ್ಗ ಮತ್ತು ನೋಡುವುದು. ನೋಡಿದರೆ ಎಷ್ಟೆಲ್ಲ ಕಾಣುತ್ತದೆ! ಬೆಂಗ್ತ್ ಎಡಗೈಯವನು, ಅವನನ್ನು ಆ ಕಡೆ ನಿಲ್ಲಿಸಿದ್ದು ತಪ್ಪು. ಯೋರನ್ ಭಯವಾದಾಗಲೇ ನಿಯಮ ಕೇಳುವುದು.

ಡಾಗ್ನಿ ಇಳಿದಳು. ನೀರು ಎದೆಗೆ ಬಂದದ್ದೇ ತಡ:

"ಯೋರನ್!"

ಅದೆಲ್ಲಿಂದ ಬಂತೋ ಆ ದನಿ. ಯೋರನ್ ಬೆಚ್ಚಿ ಎಸೆದ ಭರಕ್ಕೆ ತಾನೇ ಬೆನ್ನ ಮೇಲೆ ಬಿದ್ದ. ಆದರೆ ಹಗ್ಗ ಸರಿಯಾಗಿ ಅವಳ ಕೈಗೆ ಹೋಯಿತು. ಮಲಗಿಕೊಂಡೇ ಎಳೆದ. ಮೇಲೆ ಬಂದ ಡಾಗ್ನಿ ನಡುಗುತ್ತಾ ಹೇಳಿದಳು, "ಇಷ್ಟು ವರ್ಷ ಗ್ರಂಥಾಲಯದಲ್ಲಿ ಜನರನ್ನ ಸುಮ್ಮನಿರಿಸಿದ ಸಾಲ ಇವತ್ತು ತೀರಿತು."

ಯೋರನ್ ಇಡೀ ದಿನ ಖುಷಿಯಲ್ಲಿದ್ದ. ತನ್ನನ್ನು ಯಾರೂ ಇಷ್ಟು ಜೋರಾಗಿ ಕರೆದಿರಲಿಲ್ಲ ಎಂದ.

ಫೆಬ್ರವರಿ 5, ಬುಧವಾರ

ಡಾಗ್ನಿಯ ಕಥೆ ಹೇಳೋಣ ಎಂದು ಅಕ್ಕನ ನಂಬರು ಒತ್ತಿಬಿಟ್ಟೆ. ಬೆರಳಿಗೆ ಗೊತ್ತಿರುವ ನಂಬರು. ಈ ಸಂಖ್ಯೆ ಈಗ ಬಳಕೆಯಲ್ಲಿಲ್ಲ ಎಂದು ಒಂದು ಹೆಣ್ಣು ದನಿ ಹೇಳಿತು. ಬಹಳ ಮರ್ಯಾದೆಯ ದನಿ. ಕೊನೆಯವರೆಗೂ ಕೇಳಿಸಿಕೊಂಡೆ.

ಫೆಬ್ರವರಿ 13, ಗುರುವಾರ

ಮೂರು ದಿನದಿಂದ ಮಳೆ. ಗಡ್ಡೆ ಬೂದು ಬಣ್ಣಕ್ಕೆ ತಿರುಗಿ ಮೇಲೆಲ್ಲ ನೀರು ನಿಂತಿದೆ. ನಿನ್ನೆ ಶೆಡ್ಡಿನ ಒಳಗೇ ಪಾಠ. ಎರಡು ಬೆಂಚುಗಳ ನಡುವೆ ಕಿಂಡಿ ಎಂದುಕೊಂಡು ಒಬ್ಬೊಬ್ಬರೇ ನೆಲದ ಮೇಲೆ ಈಜಿದರು. ರೂನೆ ಮುಳುಗಿ ಸತ್ತಂತೆ ನಟಿಸಿದ. ಅವನನ್ನು ಎತ್ತಲು ನಾಲ್ವರು ಬೇಕಾಯಿತು, ಎತ್ತಿದ ಮೇಲೆ "ಇನ್ನೊಂದ್ಸಲ" ಎಂದ.

ಇವತ್ತು ಎಬ್ಬಾ ಫೋನು ಮಾಡಿದಳು. "ಮಾರ್ಚಿಗೆ ಗಡ್ಡೆ ಇರೋದು ಅನುಮಾನ. ಈಜುಕೊಳದಲ್ಲೇ ಪರೀಕ್ಷೆ ಇಟ್ಕೊಳ್ಳೋಣ್ವಾ?"

"ಬೇಡ" ಎಂದೆ.

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ಚಳಿ ಮತ್ತೆ ಬರುತ್ತೆ."

ಬಟಾಣಿ ಸಾರು ಕುದಿಸಿದೆ, ಗುರುವಾರ ಅಲ್ಲವೇ, ಇಲ್ಲಿ ಎಲ್ಲರ ಮನೆಯಲ್ಲೂ ಅದೇ. ಅದರ ಜೊತೆ ಪ್ಯಾನ್‌ಕೇಕು. ಕೂತು ತಿಂದೆ.

ಫೆಬ್ರವರಿ 20, ಗುರುವಾರ

ಚಳಿ ಬಂತು. ಗಡ್ಡೆ ಬಿಗಿಯುವ ಸದ್ದಿಗೆ ಕೆರೆ ಹಾಡುತ್ತಿದೆ.

ಫೆಬ್ರವರಿ 26, ಬುಧವಾರ

ಎಬ್ಬಾಳ ಇನ್ನೊಂದು ಫೋನು, ಕೆಲಸದ ಮಧ್ಯೆ. ಪರೀಕ್ಷೆಯ ಕ್ರಮ ಈ ವರ್ಷದಿಂದ ಬದಲಾಗಿದೆಯಂತೆ. ನೀರಿಗೆ ಇಳಿಯಬೇಕಾದವಳು ನಾಯಕಿ. ಗುಂಪು ತನ್ನ ನಾಯಕಿಯನ್ನೇ ಎಳೆದು ತೆಗೆಯಬೇಕು. ಸೊಂಟದ ಹಗ್ಗ ಎಬ್ಬಾ ಹಿಡಿಯುತ್ತಾಳೆ, ಉಳಿದದ್ದಕ್ಕೆ ಅವಳು ಕೈ ಹಾಕುವುದಿಲ್ಲ.

ಸಂಜೆ ಹೇಳಿದೆ. ಎಲ್ಲರ ಮುಖ ಅರಳಿತು. ಇಷ್ಟು ಸಂತೋಷ ನನಗೆ ಹಿಡಿಸಲಿಲ್ಲ.

"ಇಷ್ಟು ವರ್ಷ ಎಷ್ಟು ಜನರನ್ನ ಇಳಿಸಿದ್ದೀಯಾ, ನೀನು ಎಷ್ಟು ಸಲ ಇಳಿದಿದ್ದೀಯಾ?" ಎಂದಳು ಮೋನಾ.

"ಒಂದ್ಸಲಾನೂ ಇಲ್ಲ. ಅಕ್ಕ ಇಳೀತಿದ್ಲು."

"ಪರವಾಗಿಲ್ಲ, ಸ್ವಲ್ಪ ತಣ್ಣಗಿರುತ್ತೆ ಅಷ್ಟೇ" ಎಂದ ರೂನೆ.

ನೀರಿನ ಭಯ ನನಗಿಲ್ಲ. ಕೂಗುವುದೇ. ದೋಣಿಕಟ್ಟೆಯ ತುದಿಗೆ ಕಳಿಸಿದರು. ರೂನೆಯ ಹೆಸರು ಕೂಗುವುದೆಂದು ಮಾತಾಯಿತು, ಅವನ ತೋಳು ಗಟ್ಟಿ. ಬಾಯಿ ತೆರೆದೆ, ಕೆಮ್ಮು ಬಂತು. ಮತ್ತೆ ತೆರೆದೆ. ರೂನೆ ಎಂದೆ, ಸಾರು ಇನ್ನೊಂದು ಸೌಟು ಹಾಕಲೇ ಎಂದು ಕೇಳುವ ದನಿಯಲ್ಲಿ.

ಡಾಗ್ನಿ ಹತ್ತಿರ ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. "ಇಲ್ಲಿಂದ ಬರಬೇಕು. ಗಂಟಲಿಂದ ಅಲ್ಲ."

"ಅಲ್ಲಿ ಏನೂ ಇಲ್ಲ."

"ಇದೆ, ಇದೆ. ನನಗೂ ಗೊತ್ತಿರಲಿಲ್ಲ."

"ಕಾಗದದ ಮೇಲೆ ಬರೆದುಕೊಡ್ಲಾ?" ಎಂದ ಯೋರನ್. ತಮಾಷೆಗೆ ಹೇಳಿದನೋ, ನಿಜವಾಗಿಯೋ. ಅವನ ವಿಷಯದಲ್ಲಿ ತಿಳಿಯುವುದಿಲ್ಲ.

ಕೊನೆಗೆ ನಾನೇ ಹೇಳಿದೆ: ನಿಯಮ ನಿಯಮವೇ. ಹೆಸರು ಕೇಳದೆ ಯಾರೂ ಎಸೆಯಬೇಡಿ, ಎಬ್ಬಾ ಅದನ್ನೇ ನೋಡುವುದು. ನಾನು ಕೂಗದೆ ಹೋದರೆ ತಪ್ಪು ನನ್ನದು, ಗುಂಪು ನನ್ನಿಂದ ಮುಚ್ಚಿತು ಎಂದಾಗಲಿ, ನಿಮ್ಮಿಂದ ಬೇಡ.

ಯಾರೂ ಏನೂ ಹೇಳಲಿಲ್ಲ. ಸುಮ್ಮನಿದ್ದರೆ ಒಪ್ಪಿದಂತೆ.

ಮಾರ್ಚ್ 2, ಭಾನುವಾರ

ಕೈ ಬೆಚ್ಚಗಾಗಿದೆ, ಬರೆಯಬಹುದು.

ಬಿಸಿಲು ಚೆನ್ನಾಗಿತ್ತು. ಎಬ್ಬಾ ನಾನು ಅಂದುಕೊಂಡದ್ದಕ್ಕಿಂತ ಎಳೆಯಳು, ಮೂಗು ಕೆಂಪಾಗಿತ್ತು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಆರೂ ಜನ ತಮ್ಮ ತಮ್ಮ ಕೆಲಸ ಮಾಡಿ ತೋರಿಸಿದರು. ಪೆಕ್ಕಾ ಬಡಿದ, ಮೋನಾ ಬೆಂಗ್ತ್‌ಗೆ ಅಂಗಿ ತೊಡಿಸಿದಳು, ಅವನು ನಾಚಿದ. ಎಬ್ಬಾ ನಗದೆ ಬರೆದುಕೊಳ್ಳುತ್ತಿದ್ದಳು. ಆಮೇಲೆ ನನ್ನ ಸೊಂಟಕ್ಕೆ ಹಗ್ಗ ಕಟ್ಟಿದಳು. ಗಂಟು ಸಡಿಲವಿತ್ತು, ತಿದ್ದಿ ಕಟ್ಟಿಕೊಂಡೆ.

ಹಾರಿದೆ.

ತಣ್ಣಗಿದೆ ಎನ್ನುವುದು ಅದಕ್ಕೆ ಸರಿಯಾದ ಮಾತಲ್ಲ. ಎದೆಯ ಗಾಳಿಯನ್ನು ಯಾರೋ ಕಿತ್ತುಕೊಂಡ ಹಾಗೆ. ಆಮೇಲೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಬಹಳ ನಿಶ್ಶಬ್ದ. ಕಿಂಡಿಯ ಅಂಚು ಕಣ್ಣಿನ ಮಟ್ಟಕ್ಕೆ, ಅದರಾಚೆ ಬಿಸಿಲು, ಬಿಸಿಲಿನಲ್ಲಿ ಆರು ಟೋಪಿಗಳು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಕೆಟ್ಟದೇನೂ ಅನಿಸಲಿಲ್ಲ. ಇನ್ನು ಸ್ವಲ್ಪ ಹೊತ್ತು ಹೀಗೇ ಇರಬಹುದು ಅನಿಸಿತು.

"ಕೂಗೇ ಮಾಯ್ಲಿಸ್!" ಇದು ರೂನೆ.

ಅವನ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ನಾಲಿಗೆಯ ಮೇಲೇ ಇತ್ತು.

"ಯಾರದಾದ್ರೂ ಸರಿ! ಕೂಗು!" ಇದು ಡಾಗ್ನಿ, ಅಳುತ್ತಿದ್ದಳೋ ಏನೋ.

ಯಾರೂ ಎಸೆಯಲಿಲ್ಲ. ಅಷ್ಟು ಚೆನ್ನಾಗಿ ಕಲಿತಿದ್ದರು. ಪೆಕ್ಕಾ ಮಾತ್ರ ಚೀಲ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಕಲ್ಲಿನ ಹಾಗೆ ನಿಂತಿದ್ದ.

ಆಗ ಹೊಟ್ಟೆಯಿಂದಲೇ ಬಂತು, ಡಾಗ್ನಿ ಕೈಯಿಟ್ಟ ಜಾಗದಿಂದ.

"ಗುನ್ವೋರ್!"

ಆಚೆ ದಡದ ಕಾಡಿಗೆ ಹೊಡೆದು ವಾಪಸು ಬಂತು. ಬೇರೆ ಯಾವ ಹೆಸರೂ ಆ ಹೊತ್ತಿಗೆ ಹೊಳೆಯಲಿಲ್ಲ.

ಯಾರೂ ಕದಲಲಿಲ್ಲ. ಎಬ್ಬಾ ತನ್ನ ಹಲಗೆ ನೋಡಿದಳು.

ಮರುಕ್ಷಣ ಆರು ಚೀಲಗಳು ಒಟ್ಟಿಗೇ ಹಾರಿ ಬಂದವು. ಒಂದು ತಲೆಗೆ ಬಿತ್ತು, ಎರಡು ಹಗ್ಗ ಕೊರಳಿಗೆ ಸುತ್ತಿದವು, ಬೆಂಗ್ತ್‌ನದು ಎಡಗೈ ಎಸೆತ, ಕಿಂಡಿ ದಾಟಿ ಎಬ್ಬಾಳ ಕಾಲಿಗೆ ಹೋಗಿ ಸುತ್ತಿಕೊಂಡಿತು. ಶಾವಿಗೆ ಪಾತ್ರೆಯಲ್ಲಿ ಬಿದ್ದ ಹಾಗಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದೆ. ಆರೂ ಜನ ಆರು ದಿಕ್ಕಿಗೆ ಎಳೆದರು, ನಾನು ನಡುವೆ ನೇತಾಡಿದೆ.

"ಎಲ್ಲರೂ ನನ್ನ ಕಡೆ!" ಎಂದು ರೂನೆ.

"ಬೆಂಗ್ತ್, ಬಿಡು ಅದನ್ನ, ಆ ಹುಡುಗೀನ ಎಳೀತಿದ್ದೀಯಾ!" ಎಂದು ಮೋನಾ.

ಹೇಗೋ ಹೊರಗೆ ಬಂದೆ. ಗಡ್ಡೆಯ ಮೇಲೆ ಬೋರಲಾಗಿ ಮಲಗಿದ್ದೆ, ಕಣ್ಣೀರು ಬರುವಷ್ಟು ನಗುತ್ತಿದ್ದೆ. ನಗುವೇ ಇರಬೇಕು, ಹಲ್ಲು ಕಟಕಟ ಎನ್ನುತ್ತಿದ್ದವು. ಡಾಗ್ನಿ ಕಂಬಳಿ ಹೊದಿಸಿ ನನ್ನನ್ನು ಬಿಡದೆ ಹಿಡಿದುಕೊಂಡಿದ್ದಳು. ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಶೆಡ್ಡಿನಲ್ಲಿ, ಕಾಫಿಯಾದ ಮೇಲೆ, ಎಬ್ಬಾ ಹಲಗೆ ತೆಗೆದಳು.

"ಒಂದು ಅರ್ಥವಾಗಲಿಲ್ಲ. ಗುನ್ವೋರ್ ಯಾರು? ನನ್ನ ಹತ್ತಿರ ಆ ಹೆಸರಿಲ್ಲ."

ಎಲ್ಲರೂ ಕಾಫಿ ಲೋಟದೊಳಗೆ ನೋಡಿದರು.

"ನನ್ನ ಅಕ್ಕ" ಎಂದೆ. "ಈ ಗುಂಪು ಅವಳದು. ಅವಳು ಬಿಟ್ಟಿದ್ದಲ್ಲ. ಅಕ್ಟೋಬರಿನಲ್ಲಿ ಸತ್ತುಹೋದಳು."

ಎಬ್ಬಾಳ ಮೂಗು ಇನ್ನೂ ಕೆಂಪಾಯಿತು. ಕ್ಷಮಿಸಿ ಎಂದಳು. ಪರವಾಗಿಲ್ಲ, ಬನ್ನು ತಗೋ ಎಂದೆ.

ಯೋರನ್ ಗಂಟಲು ಸರಿಮಾಡಿಕೊಂಡ. ತಪ್ಪು ಮಾಡಿದವನ ಮುಖ. "ನಿಯಮದ ಪ್ರಕಾರ ಹೆಸರು ಕರೆಸಿಕೊಂಡವರು ಮಾತ್ರ ಎಸೀಬೇಕು. ಆ ಹೆಸರಿನವರು ಗಡ್ಡೆ ಮೇಲೆ ಯಾರೂ ಇರಲಿಲ್ಲ. ಅದಕ್ಕೆ ಎಲ್ಲರೂ ಎಸೆದುಬಿಟ್ವಿ. ಮತಕ್ಕೆ ಹಾಕೋಕೆ ಪುರುಸೊತ್ತಾಗಲಿಲ್ಲ."

"ಕರೆದಿದ್ದು ಒಬ್ಬರನ್ನ, ಬಂದಿದ್ದು ಆರು ಜನ" ಎಂದಳು ಎಬ್ಬಾ. ಪೆನ್ನು ಕಾಗದದ ಮೇಲೆ ನಿಂತಿತ್ತು. "ಇದನ್ನ ನಾನು ಏನಂತ ಬರೀಲಿ?"

ಒಲೆಯ ಪಕ್ಕದಿಂದ ಪೆಕ್ಕಾ ತಿರುಗಿ ನೋಡಿದ.

"ಪಾಸು ಅಂತ ಬರಿ."

ಬರೆದಳು.

ಮಾರ್ಚ್ 3, ಸೋಮವಾರ

ದನಿ ಪೂರ್ತಿ ಹೋಗಿದೆ. ಕೆಲಸದಲ್ಲಿ ಎಲ್ಲರಿಗೂ ಕೈಸನ್ನೆ. ಒಣಗಿದ ಹಾಸುಬಟ್ಟೆಗಳನ್ನು ಜೊತೆಯಲ್ಲಿ ಮಡಿಸುವವಳು, "ಯಾವಾಗ್ಲೂ ಸುಮ್ಮನಿರ್ತೀಯಾ, ಇವತ್ತೇನು ಹೊಸದಾಗಿ ಸನ್ನೆ?" ಎಂದಳು. ಹೌದಲ್ಲ ಎಂದುಕೊಂಡೆ. ಇವತ್ತು ಮಾತಾಡಬೇಕಾದದ್ದು ಬಹಳ ಇತ್ತು.